ಕೊಪಣನಾಡಿನಲ್ಲಿ ಅಮೂರ್ತ ಬೀಜಗಣಿತ: ಪರಿಭಾಷೆ ಮತ್ತು ವಾಕ್ಯದ ಪ್ರಶ್ನೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿ, ಒಂಬತ್ತನೆಯ ಶತಮಾನದ ನಡುಭಾಗದ ಆಸುಪಾಸಿನಲ್ಲಿ, ಎರಡು ಗ್ರಂಥಗಳು ರಚಿತವಾದವು. ಒಂದು ಕನ್ನಡದ 'ಕವಿರಾಜಮಾರ್ಗ'. ಇನ್ನೊಂದು ಮಹಾವೀರಾಚಾರ್ಯನ ಸಂಸ್ಕೃತ 'ಗಣಿತಸಾರಸಂಗ್ರಹ'. ಮೊದಲನೆಯದು ಕನ್ನಡದ ತಿರುಳು ಎಲ್ಲಿದೆಯೆಂದು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣನಗರವನ್ನು, ಅಂದರೆ ಇಂದಿನ ಕೊಪ್ಪಳವನ್ನು, ಹೆಸರಿಸುತ್ತದೆ. ಎರಡನೆಯದು ಅದೇ ಅರಸನನ್ನು ಹೊಗಳಿ ಆರಂಭವಾಗಿ ಭಿನ್ನರಾಶಿ, ತ್ರೈರಾಶಿಕ, ಕ್ಷೇತ್ರಗಣಿತಗಳನ್ನು ನಿರೂಪಿಸುತ್ತದೆ. ಒಂದೇ ಆಸ್ಥಾನದ ನೆರಳಿನಲ್ಲಿ ಕಾವ್ಯದ ವಿಚಾರ ಕನ್ನಡದಲ್ಲಿಯೂ ಗಣಿತದ ವಿಚಾರ ಸಂಸ್ಕೃತದಲ್ಲಿಯೂ ನಡೆಯಿತು. ಸಾಹಿತ್ಯ ಚರಿತ್ರೆಕಾರರು ಈ ಎರಡು ಗ್ರಂಥಗಳ ಸಮಕಾಲೀನತೆಯನ್ನು ಹೆಮ್ಮೆಯಿಂದ ಉಲ್ಲೇಖಿಸಿದ್ದಾರೆಯೇ ಹೊರತು, ಈ ಭಾಷಿಕ ವಿಭಜನೆಯನ್ನು ಒಂದು ಸಮಸ್ಯೆಯೆಂದು ಪರಿಗಣಿಸಿದ್ದು ಕಡಿಮೆ.

ವಿಭಜನೆ ಶಾಶ್ವತವಾಗಿರಲಿಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ಲೀಲಾವತಿ' ಮೊದಲಾದ ಕೃತಿಗಳಲ್ಲಿ ಗಣಿತವನ್ನು ಕನ್ನಡಕ್ಕೆ ತಂದನು. 'ವ್ಯವಹಾರಗಣಿತ' ಗದ್ಯಪದ್ಯಾತ್ಮಕವಾದುದು ಎಂಬುದು ಇಲ್ಲಿ ಮುಖ್ಯವಾದ ಸಂಗತಿ. ಕಂಠಪಾಠಕ್ಕೆ ಪದ್ಯ, ಬಿಡಿಸಿ ಹೇಳುವುದಕ್ಕೆ ಗದ್ಯ. ಈ ಎರಡನೆಯದರ ಪರಂಪರೆ, ಎಂದರೆ ಗಣಿತವನ್ನು ಬಿಡಿಸಿ ಹೇಳುವ ಕನ್ನಡ ಗದ್ಯದ ಪರಂಪರೆ, ಆಧುನಿಕ ಕಾಲದ ಉನ್ನತ ಗಣಿತದವರೆಗೆ ಬೆಳೆದು ಬರಲಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ವಿದ್ಯಾರ್ಥಿಯೊಬ್ಬನು ಪದವಿ ತರಗತಿಯಲ್ಲಿ ಗುಂಪು ಸಿದ್ಧಾಂತವನ್ನೂ ರೇಖೀಯ ಬೀಜಗಣಿತವನ್ನೂ ಎದುರಿಸುವಾಗ ಈ ಕೊರತೆ ಎಷ್ಟು ನಿರ್ದಿಷ್ಟ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ಪ್ರಸ್ತುತ ಚರ್ಚೆಯ ವಿಷಯ.

ಈ ನಾಲ್ಕು ತಾಲ್ಲೂಕುಗಳು ಸೇರಿ 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದವು. ಅದಕ್ಕೂ ಹಿಂದೆ ಈ ಪ್ರದೇಶ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು; ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಭಾರತದಲ್ಲಿ ದೇಶಭಾಷೆಯೊಂದನ್ನು ಪೂರ್ಣಪ್ರಮಾಣದಲ್ಲಿ ಉನ್ನತ ಶಿಕ್ಷಣದ ಮಾಧ್ಯಮವಾಗಿ ಬಳಸಿದ ಮೊದಲ ಆಧುನಿಕ ವಿಶ್ವವಿದ್ಯಾಲಯ ಇದೇ ಸಂಸ್ಥಾನದ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ಪಾಠ ಹೇಳಿತು. ಅದಕ್ಕಾಗಿ 1917ರಲ್ಲಿಯೇ ಭಾಷಾಂತರ ಸಂಸ್ಥೆಯೊಂದನ್ನು ತೆರೆಯಲಾಗಿತ್ತು. ಕೇಂಬ್ರಿಡ್ಜ್ ಮತ್ತು ಲೈಪ್‌ಜಿಗ್‌ಗಳಲ್ಲಿ ಅಭ್ಯಾಸ ಮಾಡಿ ಬಂದ ರಜಿಯುದ್ದೀನ್ ಸಿದ್ದಿಖಿಯಂಥ ಗಣಿತಜ್ಞರು ಅಲ್ಲಿ ಅಧ್ಯಾಪಕರಾಗಿದ್ದರು. ಭಾರತೀಯ ಭಾಷೆಯಲ್ಲಿ ಉನ್ನತ ಗಣಿತ ಅಸಾಧ್ಯವೆಂಬ ಮಾತನ್ನು ಕೊಪ್ಪಳವನ್ನು ಆಳಿದ ಸರ್ಕಾರವೇ ಒಂದು ತಲೆಮಾರಿನ ಕಾಲ ಸುಳ್ಳು ಮಾಡಿತ್ತು. ಆದರೆ ಆ ಭಾಷೆ ಕೊಪ್ಪಳದ ರೈತನ ಮನೆಯ ಭಾಷೆಯಾಗಿರಲಿಲ್ಲ. 1948ರ ಪೊಲೀಸ್ ಕಾರ್ಯಾಚರಣೆಯ ಬಳಿಕ ಆ ಪ್ರಯೋಗ ನಿಂತು ಇಂಗ್ಲಿಷ್ ಬಂದಿತು. ಹೈದರಾಬಾದು ಕರ್ನಾಟಕದ ಶೈಕ್ಷಣಿಕ ಹಿಂದುಳಿಯುವಿಕೆಯನ್ನು ಕುರಿತ ಬರಹಗಳು ಉರ್ದುವಿನ ಹೇರಿಕೆಯನ್ನು ನ್ಯಾಯವಾಗಿಯೇ ಟೀಕಿಸಿವೆ. ಅದರೊಳಗಿದ್ದ ಪಾಠವನ್ನು ಮಾತ್ರ ಎತ್ತಿಕೊಂಡಿಲ್ಲ. ಉಸ್ಮಾನಿಯಾದ ಭಾಷಾಂತರಕಾರರು ಅರಬ್ಬಿ, ಫಾರ್ಸಿ ಧಾತುಗಳಿಂದ ಪದಗಳನ್ನು ಟಂಕಿಸಿದರು. ಅಷ್ಟಕ್ಕೇ ನಿಲ್ಲದೆ ಪುಸ್ತಕಗಳನ್ನು ಆದಿಯಿಂದ ಅಂತ್ಯದವರೆಗೆ ಬರೆದರು. ಕನ್ನಡದಲ್ಲಿ ಮೊದಲನೆಯ ಕೆಲಸ ನಡೆಯಿತು. ಪದವಿ ಮಟ್ಟದ ಅಮೂರ್ತ ಬೀಜಗಣಿತದಲ್ಲಿ ಎರಡನೆಯದು ನಡೆಯಲಿಲ್ಲವೆಂದೇ ಹೇಳಬೇಕು.

1956ರ ಏಕೀಕರಣದ ಬಳಿಕ ಈ ಪ್ರದೇಶದ ಪದವಿ ಶಿಕ್ಷಣ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ, 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ, 2023ರಲ್ಲಿ ಕುಕನೂರು ತಾಲ್ಲೂಕಿನ ತಳಕಲ್ಲಿನಲ್ಲಿ ಆರಂಭವಾದ ಕೊಪ್ಪಳ ವಿಶ್ವವಿದ್ಯಾಲಯಕ್ಕೆ. ಪ್ರಮಾಣಪತ್ರದ ಮೇಲಿನ ಮುದ್ರೆ ಬದಲಾದಷ್ಟು ಬೇಗ ತರಗತಿಯ ಭಾಷಾಪರಿಸ್ಥಿತಿ ಬದಲಾಗಲಿಲ್ಲ.

ಆ ಪರಿಸ್ಥಿತಿಯ ಕೇಂದ್ರದಲ್ಲಿ ಒಂದು ವೈಚಿತ್ರ್ಯವಿದೆ. ರಾಷ್ಟ್ರೀಯ ಪಠ್ಯವನ್ನು ಅನುಸರಿಸಿ ಕನ್ನಡದಲ್ಲಿ ಬಂದ ಎಂಟನೆಯ ತರಗತಿಯ ಗಣಿತಪಠ್ಯದ ಮೊದಲ ಅಧ್ಯಾಯ ಭಾಗಲಬ್ಧ ಸಂಖ್ಯೆಗಳದ್ದು. ಅಲ್ಲಿ ಆವೃತ ಗುಣ, ಸಹವರ್ತನೀಯ ಗುಣ, ಅನನ್ಯತಾಂಶ, ವಿಲೋಮ ಎಂಬ ನಾಲ್ಕು ಕಲ್ಪನೆಗಳು ಒಂದಾದ ಮೇಲೊಂದರಂತೆ ಬರುತ್ತವೆ. ಎರಡು ಭಾಗಲಬ್ಧ ಸಂಖ್ಯೆಗಳನ್ನು ಕೂಡಿದರೆ ಭಾಗಲಬ್ಧ ಸಂಖ್ಯೆಯೇ ಸಿಗುತ್ತದೆ. ಮೂರನ್ನು ಕೂಡುವಾಗ ಆವರಣವನ್ನು ಎಲ್ಲಿ ಹಾಕಿದರೂ ಫಲ ಒಂದೇ. ಸೊನ್ನೆಯನ್ನು ಕೂಡಿದರೆ ಸಂಖ್ಯೆ ಬದಲಾಗದು. ಪ್ರತಿ ಸಂಖ್ಯೆಗೂ ಅದನ್ನು ಸೊನ್ನೆಯಾಗಿಸುವ ಜೊತೆಗಾರ ಸಂಖ್ಯೆಯಿದೆ. ಗುಂಪು ಎಂಬುದರ ವ್ಯಾಖ್ಯೆ ಈ ನಾಲ್ಕೇ. ಕುಷ್ಟಗಿ ತಾಲ್ಲೂಕಿನ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದ ಬಾಲಕಿ ಹದಿಮೂರನೆಯ ವಯಸ್ಸಿಗೆ ಗುಂಪಿನ ಎಲ್ಲ ಸ್ವಯಂಸಿದ್ಧ ನಿಯಮಗಳನ್ನು ಕನ್ನಡದಲ್ಲಿ ಓದಿರುತ್ತಾಳೆ. ಐದಾರು ವರ್ಷಗಳ ಬಳಿಕ ಪದವಿ ತರಗತಿಯಲ್ಲಿ ಅವೇ ನಾಲ್ಕು ನಿಯಮಗಳು 'ಕ್ಲೋಷರ್', 'ಅಸೋಸಿಯೇಟಿವಿಟಿ', 'ಐಡೆಂಟಿಟಿ', 'ಇನ್ವರ್ಸ್' ಎಂಬ ಹೆಸರಿನಲ್ಲಿ ಬಂದಾಗ, ಅವು ಹಳೆಯ ಪರಿಚಿತರೆಂದು ಅವಳಿಗೆ ತಿಳಿಸುವವರಿಲ್ಲ. ಹೊಸ ಪಾಠವೆಂದು ಬಾಯಿಪಾಠ ಮಾಡುತ್ತಾಳೆ. ಪದವಿಪೂರ್ವ ವಿಜ್ಞಾನದ ಎರಡು ವರ್ಷಗಳಲ್ಲಿ ಭಾಷೆ ಇಂಗ್ಲಿಷಿಗೆ ಹೊರಳುವಾಗ ಕಳಚಿದ ಕೊಂಡಿ ಇದು.

ಬೀಜಗಣಿತದಲ್ಲಿ 'ಕರ್ನೆಲ್' ಎಂಬ ಕಲ್ಪನೆಯಿದೆ. ಒಂದು ಗುಂಪಿನಿಂದ ಇನ್ನೊಂದಕ್ಕೆ ರಚನೆಯನ್ನು ಕೆಡಿಸದೆ ಸಾಗಿಸುವಾಗ ಅಲ್ಲಿಯ ಅನನ್ಯತಾಂಶದಲ್ಲಿ ಕರಗಿಹೋಗುವ ಘಟಕಗಳೆಲ್ಲವೂ ಸೇರಿ ಅದು. ಕನ್ನಡದಲ್ಲಿ ಇದಕ್ಕೆ 'ತಿರುಳು' ಎಂಬ ಪದ ಸಿದ್ಧವಾಗಿಯೇ ಇದೆ. ಕೊಪಣವನ್ನು ಕುರಿತು ಆ ಪದವನ್ನು ನೆನೆಯುವವರಿಗೆ ಬೀಜಗಣಿತದ ಈ ಅರ್ಥವೂ ಪ್ರಸ್ತುತವಾಗದೆ ಇರದು.

ಹಾಗೆಂದು ಶಾಲಾ ಪರಿಭಾಷೆಯನ್ನು ಹಾಗೆಯೇ ಎತ್ತಿ ಪದವಿ ಪಠ್ಯಕ್ಕೆ ತಂದುಬಿಟ್ಟರೆ ಸಮಸ್ಯೆ ಬಗೆಹರಿಯುತ್ತದೆಯೆ? ಕನ್ನಡ ಮಾಧ್ಯಮದ ಪರ ವಾದಿಸುವವರು ಇಲ್ಲಿ ಅವಸರ ಪಡುತ್ತಾರೆ. ಆ ಪದಗಳು ಶಾಲೆಯ ಅಂಕಗಣಿತಕ್ಕಾಗಿ ರೂಪುಗೊಂಡವು. ಅಮೂರ್ತ ಬೀಜಗಣಿತದ ಭಾರವನ್ನು ಅವು ಹೊರಬಲ್ಲವೆ ಎಂದು ಒಂದೊಂದನ್ನೂ ಪರೀಕ್ಷಿಸಬೇಕಾಗುತ್ತದೆ. 'ಅನನ್ಯತಾಂಶ' ಎಂಬ ಪದವನ್ನು ನೋಡಬಹುದು. ಗುಂಪು ಸಿದ್ಧಾಂತದ ಮೊದಲ ಪ್ರಮೇಯವೇ ಗುಂಪಿನಲ್ಲಿ ಇಂಥ ಘಟಕ ಒಂದೇ ಇರಲು ಸಾಧ್ಯವೆಂಬುದು. 'ಯುನೀಕ್' ಎನ್ನುವುದಕ್ಕೂ ಕನ್ನಡದಲ್ಲಿ 'ಅನನ್ಯ' ಎಂದೇ ಬಳಕೆ. ಆಗ ಪ್ರಮೇಯದ ರೂಪ 'ಅನನ್ಯತಾಂಶವು ಅನನ್ಯವಾಗಿದೆ' ಎಂದಾಗುತ್ತದೆ. ಸಾಧಿಸಬೇಕಾದುದು ಹೆಸರಿನಲ್ಲಿಯೇ ಅಡಕವಾಗಿ, ಸಾಧನೆಯ ಅಗತ್ಯವೇ ವಿದ್ಯಾರ್ಥಿಗೆ ಕಾಣದೆ ಹೋಗುತ್ತದೆ. 'ಪರಿವರ್ತನೀಯ' ಎಂಬುದೂ ಅಷ್ಟೆ. ಎರಡು ಘಟಕಗಳ ಕ್ರಮವನ್ನು ಅದಲುಬದಲು ಮಾಡಿದರೂ ಫಲ ಬದಲಾಗದ ಗುಣವನ್ನು ಅದು ಸೂಚಿಸಬೇಕು. ಕೇಳುವ ಕಿವಿಗೆ ಅದು 'ಬದಲಾಗಬಲ್ಲದ್ದು' ಎಂಬ ವಿರುದ್ಧಾರ್ಥವನ್ನೇ ಕೊಡುತ್ತದೆ. ರೇಖೀಯ ಬೀಜಗಣಿತಕ್ಕೆ ಬಂದರೆ 'ಟ್ರಾನ್ಸ್‌ಫಾರ್ಮೇಶನ್' ಎಂಬುದಕ್ಕೂ ಪರಿವರ್ತನೆಯೆಂದೇ ಹೇಳುವ ಸಂಭವವಿರುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ.

'ಸದಿಶ' ಇನ್ನೂ ಕುತೂಹಲಕಾರಿಯಾದ ಪ್ರಕರಣ. ದಿಕ್ಕುಳ್ಳದ್ದು ಎಂಬ ಅರ್ಥದ ಈ ಪದ ಭೌತಶಾಸ್ತ್ರದ ಬಲ, ವೇಗಗಳಿಗೆ ಅತ್ಯಂತ ಸಮರ್ಪಕ. ರೇಖೀಯ ಬೀಜಗಣಿತದಲ್ಲಿ ಮಾತ್ರ ಬಹುಪದೋಕ್ತಿಗಳು, ಅವಕಲ ಸಮೀಕರಣಗಳ ಪರಿಹಾರಗಳು, ಮಾತೃಕೆಗಳು ಕೂಡ ಸದಿಶಗಳೇ. ಇವುಗಳ ದಿಕ್ಕು ಯಾವುದು? ಕೂಡಲು ಬರುತ್ತವೆ, ಸಂಖ್ಯೆಯಿಂದ ಗುಣಿಸಲು ಬರುತ್ತವೆ ಎಂಬುದಷ್ಟೇ ಇಲ್ಲಿ ಲಕ್ಷಣ. 'ವೆಕ್ಟರ್' ಎಂಬ ಲ್ಯಾಟಿನ್ ಮೂಲದ ಪದಕ್ಕೂ 'ಹೊತ್ತೊಯ್ಯುವುದು' ಎಂಬ ಅರ್ಥವಿದೆ. ಅದು ಓದುಗನಿಗೆ ಪಾರದರ್ಶಕವಲ್ಲದ್ದರಿಂದ ಅಡ್ಡಬರುವುದಿಲ್ಲ. ಪದ ಹೆಚ್ಚು ಅರ್ಥವಾಗುವುದೇ ತೊಡಕಾಗುವ ಸಂದರ್ಭಗಳು ವಿಜ್ಞಾನದಲ್ಲಿವೆ. ಕನ್ನಡದ್ದೇ ಪದಗಳಿರಬೇಕೆಂದು ಡಿ. ಎನ್. ಶಂಕರ ಭಟ್ಟರು ಎತ್ತಿದ ಚರ್ಚೆ ಸಂಸ್ಕೃತಭಾರದ ವಿರುದ್ಧ ನ್ಯಾಯವಾದ ಪ್ರಶ್ನೆಗಳನ್ನು ಕೇಳಿತು. ಪಾರದರ್ಶಕ ಪದವೇ ಯಾವಾಗಲೂ ಉತ್ತಮವೆಂಬ ನಂಬಿಕೆಗೆ ಮಾತ್ರ ಅಮೂರ್ತ ಗಣಿತ ಒಪ್ಪುವುದಿಲ್ಲ.

ಇನ್ನು 'ಗುಂಪು'. ಶಾಲೆಯಲ್ಲಿ 'ಸೆಟ್' ಎಂಬುದಕ್ಕೆ 'ಗಣ' ರೂಢಿಯಾಗಿದೆ. ಗಣ, ಗುಂಪು, ಸಮೂಹ ಮೂರೂ ನಿತ್ಯದ ಕನ್ನಡದಲ್ಲಿ ಬಹುಮಟ್ಟಿಗೆ ಒಂದೇ. ಈ ಕಾರಣಕ್ಕೆ ಕನ್ನಡ ಅಸಮರ್ಥವೆನ್ನುವುದು ತಪ್ಪು. ಗಾಲ್ವಾ ಫ್ರೆಂಚಿನಲ್ಲಿ ಆ ಪದವನ್ನು ಬಳಸಿದಾಗ ಅದೂ ಬೀದಿಯ ಮಾತೇ ಆಗಿತ್ತು. 1854ರಲ್ಲಿ ಕೇಲಿ ಅದಕ್ಕೆ ಅಮೂರ್ತ ವ್ಯಾಖ್ಯೆಯನ್ನು ಕೊಡಲು ಯತ್ನಿಸಿದ. ಸಿಲ್ವೆಸ್ಟರ್ 1850ರಲ್ಲಿ 'ಮೇಟ್ರಿಕ್ಸ್' ಎಂಬ ಹೆಸರಿಟ್ಟಾಗ ಅವನ ಮನಸ್ಸಿನಲ್ಲಿದ್ದುದು ನಿರ್ಧಾರಕಗಳನ್ನು ಹೆರುವ ಗರ್ಭದ ಚಿತ್ರ. ಕನ್ನಡದ 'ಮಾತೃಕೆ' ಆ ಚಿತ್ರವನ್ನು ಉಳಿಸಿಕೊಂಡಿದೆ. ಸಾಧಾರಣ ಪದವನ್ನು ಪಾರಿಭಾಷಿಕವಾಗಿಸುವುದು ನಿಘಂಟಲ್ಲ, ಅದನ್ನು ಸಾವಿರ ಸಲ ಒಂದೇ ಅರ್ಥದಲ್ಲಿ ಬಳಸುವ ಗದ್ಯ. ಸಮಸ್ಯೆಯ ಮೂಲ ಅಲ್ಲಿದೆ. ಪದಕೋಶಗಳ ತಯಾರಿಕೆಗೆ ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ಕೊಟ್ಟ ಮಹತ್ವವನ್ನು ವಾಕ್ಯಕ್ಕೆ ಕೊಡಲಿಲ್ಲ. ಜಿ. ಟಿ. ನಾರಾಯಣರಾವ್ ಅವರಂಥ ಗಣಿತಾಧ್ಯಾಪಕರು ಜನಪ್ರಿಯ ವಿಜ್ಞಾನದಲ್ಲಿ ಬಿಗಿಯಾದ ಕನ್ನಡ ಗದ್ಯವನ್ನು ಸಾಧಿಸಿ ತೋರಿಸಿದ್ದರೂ ಅದು ಪದವಿಯ ಪಠ್ಯಪುಸ್ತಕದ ಒಳಕ್ಕೆ ಬರಲಿಲ್ಲ.

ವಾಕ್ಯದ ಮಟ್ಟದಲ್ಲಿ ಕನ್ನಡ ಎಂಥ ಸಾಧನ ಎಂಬುದನ್ನು ಪರಿಶೀಲಿಸಬೇಕು. ಅಮೂರ್ತ ಬೀಜಗಣಿತವನ್ನು ಕಲಿಯುವವರಿಗೆ ನಿಜವಾಗಿ ಕಷ್ಟವಾಗುವುದು 'ಎಲ್ಲಕ್ಕೂ' ಮತ್ತು 'ಒಂದು ಇದೆ' ಎಂಬ ಎರಡು ಮಾತುಗಳ ಅನುಕ್ರಮ. ಅನನ್ಯತಾಂಶದ ನಿಯಮದಲ್ಲಿ ಒಂದು ಘಟಕ ಮೊದಲೇ ನಿಗದಿಯಾಗಿ ಎಲ್ಲಕ್ಕೂ ಸಲ್ಲಬೇಕು. ವಿಲೋಮದ ನಿಯಮದಲ್ಲಿ ಘಟಕ ಬದಲಾದಂತೆ ವಿಲೋಮವೂ ಬದಲಾಗಬಹುದು. ಇಂಗ್ಲಿಷಿನಲ್ಲಿ ಈ ವ್ಯತ್ಯಾಸ ಪದಗಳ ಸ್ಥಾನವನ್ನಷ್ಟೇ ಅವಲಂಬಿಸಿ, ಅಲ್ಲಿಯ ವಿದ್ಯಾರ್ಥಿಗಳೂ ಎಡವುತ್ತಾರೆ. ಕನ್ನಡದಲ್ಲಿ ದ್ವಿರುಕ್ತಿ ಈ ಕೆಲಸವನ್ನು ಮಾಡುತ್ತದೆ. ಊರಿಗೆಲ್ಲ ಒಂದು ಕೆರೆ, ಮನೆಮನೆಗೂ ಒಂದೊಂದು ಹಗೇವು ಎಂದರೆ ಯಲಬುರ್ಗಾದ ಯಾವ ಹಿರಿಯರಿಗೂ ಗೊಂದಲವಾಗದು. ಕೆರೆ ಹಂಚಿಕೆಯದು, ಧಾನ್ಯದ ಹಗೇವು ಆಯಾ ಮನೆಯದು. 'ಎಲ್ಲ ಘಟಕಗಳಿಗೂ ಸಲ್ಲುವ ಒಂದು ಅನನ್ಯತಾಂಶ ಇದೆ. ಒಂದೊಂದು ಘಟಕಕ್ಕೂ ತನ್ನ ತನ್ನ ವಿಲೋಮ ಇದೆ' ಎಂಬಲ್ಲಿ ತರ್ಕದ ರಚನೆ ವ್ಯಾಕರಣದಲ್ಲಿಯೇ ಕಾಣುತ್ತದೆ. ಮೇಲೆ ಹೇಳಿದ ಮೊದಲ ಪ್ರಮೇಯದ ಸಾಧನೆಯೂ ಚಿಹ್ನೆಗಳಿಲ್ಲದೆ ನಿಲ್ಲಬಲ್ಲದು. ಇಂಥ ಎರಡು ಘಟಕಗಳಿವೆಯೆಂದು ಭಾವಿಸಿ ಅವೆರಡನ್ನೂ ಸಂಯೋಜಿಸಿದರೆ, ಮೊದಲನೆಯದು ಏನನ್ನೂ ಬದಲಿಸದ್ದರಿಂದ ಫಲ ಎರಡನೆಯದೇ. ಎರಡನೆಯದೂ ಏನನ್ನೂ ಬದಲಿಸದ್ದರಿಂದ ಫಲ ಮೊದಲನೆಯದೇ. ಫಲ ಒಂದೇ ಇರುವುದರಿಂದ ಅವೆರಡೂ ಬೇರೆಯಲ್ಲ.

ಭಾಷಾಂತರದ ಕನ್ನಡ ಇದಕ್ಕೆ ತದ್ವಿರುದ್ಧ. ಇಂಗ್ಲಿಷಿನ ದ್ವಿಮುಖ ಷರತ್ತಿಗೆ 'ಆದರೆ ಮತ್ತು ಆದರೆ ಮಾತ್ರ' ಎಂದು ಬರೆಯುವ ರೂಢಿಯಿದೆ. 'ಆದರೆ' ಎಂಬುದು ಕನ್ನಡದಲ್ಲಿ ಷರತ್ತೂ ಹೌದು, ಪ್ರತಿಷೇಧವೂ ಹೌದು. ಓದುಗ ಮೊದಲು ಎರಡನೆಯದನ್ನೇ ಗ್ರಹಿಸುತ್ತಾನೆ. ಷರತ್ತನ್ನು ಕ್ರಿಯಾಪದದ ತುದಿಗೆ ಸೇರಿಸುವುದು ಕನ್ನಡದ ಜಾಯಮಾನ. ನಿರ್ಧಾರಕ ಸೊನ್ನೆಯಲ್ಲದಿದ್ದರೆ ಮಾತೃಕೆಗೆ ವಿಲೋಮವಿದೆ, ಸೊನ್ನೆಯಾದರೆ ಇಲ್ಲ ಎಂದರೆ ಮಾತು ಮುಗಿಯಿತು.

ಈ ವಿವೇಚನೆಯನ್ನು ಒಂದು ಉದಾಹರಣೆಯ ಮೇಲೆ ಒರೆಗೆ ಹಚ್ಚಬಹುದು. ಅದನ್ನು ಹುಡುಕಲು ಮಹಾವೀರಾಚಾರ್ಯನನ್ನು ಬಿಟ್ಟು ದೂರ ಹೋಗಬೇಕಿಲ್ಲ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ, ಮುಂದೆ ಪದ್ಮಾವತಮ್ಮನವರು ಕನ್ನಡಿಸಿದ 'ಗಣಿತಸಾರಸಂಗ್ರಹ'ದಲ್ಲಿ ಹಣ್ಣುಗಳ ಬೆಲೆಯ ಲೆಕ್ಕವೊಂದಿದೆ. ಒಂಬತ್ತು ಮಾದಲ ಹಣ್ಣಿಗೂ ಏಳು ಬೇಲದ ಹಣ್ಣಿಗೂ ಸೇರಿ ಬೆಲೆ 107. ಏಳು ಮಾದಲಕ್ಕೂ ಒಂಬತ್ತು ಬೇಲಕ್ಕೂ 101. ಒಂದೊಂದರ ಬೆಲೆ ಎಷ್ಟು? ಆಚಾರ್ಯನ ಕ್ರಮದಲ್ಲಿ ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದಲೂ ಚಿಕ್ಕ ಬೆಲೆಯನ್ನು ಚಿಕ್ಕ ಸಂಖ್ಯೆಯಿಂದಲೂ ಗುಣಿಸಿ ಕಳೆಯಬೇಕು: 963ರಲ್ಲಿ 707 ಹೋದರೆ 256. ಸಂಖ್ಯೆಗಳ ವರ್ಗಗಳ ವ್ಯತ್ಯಾಸ 81ರಲ್ಲಿ 49 ಹೋಗಿ 32. ಭಾಗಿಸಿದರೆ ಮಾದಲಕ್ಕೆ 8. ಉಳಿದ ಲೆಕ್ಕದಿಂದ ಬೇಲಕ್ಕೆ 5. ಇಂದಿನ ವಿದ್ಯಾರ್ಥಿ ಇದನ್ನು ಎರಡು ಸಾಲು ಎರಡು ಕಂಬಗಳ ಮಾತೃಕೆಯಾಗಿ ಬರೆದರೆ ಆ 32 ಅದರ ನಿರ್ಧಾರಕ.

ಪಾಠ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ನಿಲ್ಲಬೇಕಾಗಿಲ್ಲ. ಲೆಕ್ಕದಲ್ಲಿ ಒಂದು ಸಮರೂಪತೆಯಿದೆ. ಎರಡು ಹಣ್ಣುಗಳ ಹೆಸರನ್ನೂ ಎರಡು ಬೆಲೆಗಳನ್ನೂ ಏಕಕಾಲದಲ್ಲಿ ಅದಲುಬದಲು ಮಾಡಿದರೆ ಲೆಕ್ಕ ಹಾಗೆಯೇ ಉಳಿಯುತ್ತದೆ. ಏನೂ ಮಾಡದಿರುವುದು ಮತ್ತು ಅದಲುಬದಲು ಮಾಡುವುದು, ಈ ಎರಡೇ ಕ್ರಿಯೆಗಳು ಸೇರಿದರೆ ಎರಡು ಘಟಕಗಳ ಗುಂಪಾಯಿತು. ಎರಡು ಸಲ ಅದಲುಬದಲು ಮಾಡಿದರೆ ಮೊದಲಿನ ಸ್ಥಿತಿ. ಈ ಗುಂಪು ಲೆಕ್ಕವನ್ನು ಎಲ್ಲಿ ಸೀಳಬೇಕೆಂದು ತೋರಿಸಿಕೊಡುತ್ತದೆ. ಅದಲುಬದಲಿಗೆ ಜಗ್ಗದ್ದು ಬೆಲೆಗಳ ಮೊತ್ತ. ಚಿಹ್ನೆಯನ್ನಷ್ಟೇ ಬದಲಿಸುವುದು ಬೆಲೆಗಳ ವ್ಯತ್ಯಾಸ. ಎರಡು ಸಮೀಕರಣಗಳನ್ನು ಕೂಡಿದರೆ ಮೊತ್ತದ 16 ಪಟ್ಟು 208, ಆದ್ದರಿಂದ ಮೊತ್ತ 13. ಕಳೆದರೆ ವ್ಯತ್ಯಾಸದ 2 ಪಟ್ಟು 6, ಆದ್ದರಿಂದ ವ್ಯತ್ಯಾಸ 3. ಎಂಟೂ ಐದೂ ತಾವಾಗಿ ಬಂದವು. ಆ 16 ಮತ್ತು 2 ಮಾತೃಕೆಯ ಲಾಕ್ಷಣಿಕ ಮೌಲ್ಯಗಳು. ಅವುಗಳ ಗುಣಲಬ್ಧ ಅದೇ 32. ಮಹಾವೀರಾಚಾರ್ಯನಿಗೆ ಈ ಸಿದ್ಧಾಂತ ತಿಳಿದಿತ್ತೆಂದು ಇದರಿಂದ ಹೇಳುವಂತಿಲ್ಲ. ಹಾಗೆ ಹೇಳುವ ಚಪಲ ಇತ್ತೀಚೆಗೆ ಹೆಚ್ಚಿದೆಯಾದ್ದರಿಂದ ಎಚ್ಚರಿಕೆ ಅಗತ್ಯ. ಗುಂಪು ಸಿದ್ಧಾಂತವನ್ನು ಮೊದಲು, ರೇಖೀಯ ಬೀಜಗಣಿತವನ್ನು ಬಹುಕಾಲದ ನಂತರ, ಪರಸ್ಪರ ಸಂಬಂಧವಿಲ್ಲದ ಎರಡು ಪತ್ರಿಕೆಗಳಾಗಿ ಬೋಧಿಸುವ ಪಠ್ಯಕ್ರಮಕ್ಕೆ ಒಂದು ಹಣ್ಣಿನ ಲೆಕ್ಕವೂ ಉತ್ತರ ಕೊಡಬಲ್ಲದೆಂಬುದಷ್ಟೇ ಇಲ್ಲಿಯ ತಾತ್ಪರ್ಯ.

ಸ್ಥಳೀಯ ಉದಾಹರಣೆಗಳ ಬಗೆಗೆ ಇನ್ನೊಂದು ಮಾತು. ಗುಂಪನ್ನು ವಿವರಿಸಲು 1112ರ ಇಟಗಿಯ ಮಹಾದೇವ ದೇವಾಲಯದ ಕಂಬಗಳನ್ನೋ ಅಂಗಳದ ರಂಗೋಲಿಯನ್ನೋ ತೋರಿಸುವುದು ಆಕರ್ಷಕ. ಬಹುತೇಕ ಇದು ಚಿತ್ರದ ಬಳಿಯೇ ನಿಂತುಬಿಡುತ್ತದೆ. ಸುಂದರವಾದುದೆಲ್ಲ ಗುಂಪಲ್ಲ, ರಂಗೋಲಿಯೂ ಗುಂಪಲ್ಲ, ಅದನ್ನು ಇದ್ದಂತೆಯೇ ಉಳಿಸುವ ಚಲನೆಗಳು ಗುಂಪು. ಚೌಕಾಕಾರದ ಕೌದಿಯೊಂದನ್ನು ಕಾಲು ಸುತ್ತು ತಿರುಗಿಸಿ ಮಗುಚಿದರೆ ಮೂಲೆಗಳು ಒಂದೆಡೆ ಬೀಳುತ್ತವೆ. ಮೊದಲು ಮಗುಚಿ ಆಮೇಲೆ ಅದೇ ದಿಕ್ಕಿಗೆ ತಿರುಗಿಸಿದರೆ ಬೇರೆಡೆ. ಇಂಥ ಚಲನೆಗಳು ಒಟ್ಟು ಎಂಟು. ಕ್ರಮ ಬದಲಾದರೆ ಫಲ ಬದಲಾಗುವ ಲೋಕವೊಂದು ಇದೆ ಎಂಬ ಅರಿವು ಇಲ್ಲಿ ಮೊದಲ ಬಾರಿಗೆ ಉಂಟಾಗುತ್ತದೆ. ಅದನ್ನು ಕೈಯಿಂದ ಮಾಡಿ ನೋಡಬೇಕು.

ಕೊಪ್ಪಳ ಜಿಲ್ಲೆಯ ತರಗತಿಗಳಲ್ಲಿ ಕನ್ನಡದ ಗಣಿತಗದ್ಯ ಇಲ್ಲವೇ ಇಲ್ಲವೆಂದರೆ ಅದು ಸತ್ಯವಾಗದು. ಕರಿಹಲಗೆಯ ಮೇಲೆ ಇಂಗ್ಲಿಷ್, ಬಾಯಲ್ಲಿ ಕನ್ನಡ, ಉತ್ತರಪತ್ರಿಕೆಯಲ್ಲಿ ಮತ್ತೆ ಇಂಗ್ಲಿಷ್ ಎಂಬುದು ಉತ್ತರ ಕರ್ನಾಟಕದ ಅಧ್ಯಾಪಕರು ತಾವಾಗಿ ಕಂಡುಕೊಂಡ ವ್ಯವಸ್ಥೆ. ಪ್ರಮೇಯವೊಂದು ಯಾಕೆ ನಿಜ ಎಂಬ ವಿವರಣೆ ಆ ಮಾತಿನಲ್ಲಿರುತ್ತದೆ. ಗಂಟೆ ಬಾರಿಸಿದೊಡನೆ ಅದು ಕಳೆದುಹೋಗುತ್ತದೆ. ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕದಲ್ಲಿ ಉಳಿಯುವುದು ಹಲಗೆಯ ಮೇಲಿನ ಸಾಲುಗಳು. ಪರೀಕ್ಷೆಗೆ ಆ ಸಾಲುಗಳೇ ಸಾಕಾಗುವುದರಿಂದ ಕಂಠಪಾಠ ಲಾಭದಾಯಕವಾಗುತ್ತದೆ. ಇದರ ಬೆಲೆ ಸ್ನಾತಕೋತ್ತರ ಮಟ್ಟದಲ್ಲಿ, ಹರ್‌ಸ್ಟೈನ್ ಅಥವಾ ಹಾಫ್‌ಮನ್ ಮತ್ತು ಕುನ್ಜೆ ಅವರ ಗ್ರಂಥಗಳ ಅಭ್ಯಾಸಪ್ರಶ್ನೆಗಳ ಎದುರಿನಲ್ಲಿ ತಿಳಿಯುತ್ತದೆ. ಅಲ್ಲಿ ನೆನಪಿಟ್ಟ ಸಾಲುಗಳಿಗೆ ಕೆಲಸವಿಲ್ಲ.

ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಬೇಕೆಂಬ ಬೇಡಿಕೆಗೂ ಇಲ್ಲಿ ಮಿತಿಯಿದೆ. ಅಧ್ಯಾಪಕ ಹುದ್ದೆಯ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಗಣಿತ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ನಡೆಯುತ್ತದೆ. ಸಂಶೋಧನೆಯ ಭಾಷೆ ಇಂಗ್ಲಿಷ್. ಗಂಗಾವತಿಯ ವಿದ್ಯಾರ್ಥಿನಿಯನ್ನು ಆ ಬಾಗಿಲುಗಳಿಂದ ದೂರವಿಡುವ ಕನ್ನಡ ಯಾರಿಗೂ ಬೇಡ. ಚಿಹ್ನೆಗಳೂ ಪಾರಿಭಾಷಿಕ ಪದಗಳೂ ಇಂಗ್ಲಿಷಿನಲ್ಲಿಯೇ ಇದ್ದು, ಶಾಲೆಯ ಕನ್ನಡ ಪದಗಳೊಡನೆ ಅವುಗಳ ಸಂಬಂಧವನ್ನು ಮೊದಲ ಪುಟದಲ್ಲಿಯೇ ತೋರಿಸಿ, ವಾದವನ್ನು ಮಾತ್ರ ಕನ್ನಡದಲ್ಲಿ ನಡೆಸುವ ಪುಸ್ತಕ ಇನ್ನೂರು ಪುಟಗಳನ್ನು ಮೀರಬೇಕಿಲ್ಲ. ತುಂಗಭದ್ರೆಯ ಆಚೆ ದಡದಲ್ಲಿ, ಹಂಪಿಯಲ್ಲಿ, 1991ರಿಂದ ಕನ್ನಡ ವಿಶ್ವವಿದ್ಯಾಲಯವಿದೆ. ಈಚೆ ಜಿಲ್ಲೆಯದ್ದೇ ವಿಶ್ವವಿದ್ಯಾಲಯವಿದೆ. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಹಳೆಯವುಗಳೊಡನೆ ವಿಲೀನಗೊಳಿಸುವ ಪ್ರಸ್ತಾವ ಚರ್ಚೆಗೆ ಬಂದಾಗ ಕೊಪ್ಪಳದ ಹೆಸರೂ ಅದರಲ್ಲಿತ್ತು. ಚರ್ಚೆ ನಡೆದದ್ದು ಕಟ್ಟಡ, ಅನುದಾನ, ಹುದ್ದೆಗಳ ನೆಲೆಯಲ್ಲಿ. ಲಗ್ರಾಂಜನ ಪ್ರಮೇಯದ ಸಾಧನೆ, ಉಪಗುಂಪೊಂದರ ಪ್ರತಿರೂಪಗಳು ಇಡೀ ಗುಂಪನ್ನು ಸಮಪಾಲುಗಳಾಗಿ ಹಂಚಿಕೊಳ್ಳುವ ಆ ಅರ್ಧ ಪುಟದ ವಾದ, ಈ ಪ್ರದೇಶದ ಎಷ್ಟೋ ತರಗತಿಗಳಲ್ಲಿ ಈ ವರ್ಷವೂ ಕನ್ನಡದಲ್ಲಿ ಹೇಳಲ್ಪಟ್ಟು, ಇಂಗ್ಲಿಷಿನಲ್ಲಿ ಬರೆಯಲ್ಪಡುತ್ತದೆ.